ಬೈಂಡಿಂಗ್ ಅಂಗಡಿಯ ಗೆಳೆಯನಿಗೊಂದು ಪತ್ರ

ಗೆಳೆಯಾ,

ನಿನ್ನ ಮೆಸೇಜ್ ಬಂದು ಹತ್ತು ದಿನ ಆಯ್ತು, ಉತ್ತರ ಬರೀಲಿಲ್ಲ ಅಂತ ಬೇಜಾರ್ ಮಾಡ್ಕೋಬೇಡ. ಎರಡು ಸಾಲಲ್ಲಿ ಮುಗಿಸೋ ಉತ್ತರ ಅಲ್ಲ ಅದು. "ಅಂಗಡೀಲಿ ಈಗ ಬರೀ ರಿಪೇರಿ ಕಣೋ, ಹೊಸದಾಗಿ ಪುಸ್ತಕ ಕಟ್ಟೋದು ಅಂತ ಏನೂ ಉಳಿದಿಲ್ಲ, ಯಾರದೋ ಹರಿದಿದ್ದನ್ನ ಅಂಟಿಸ್ಕೊಂಡು ಕೂತಿದೀನಿ, ಇದೂ ಒಂದು ಕೆಲಸಾನಾ" ಅಂತ ಬರ್ದಿದ್ಯಲ್ಲ, ಆ ಮಾತು ಎದೇಲಿ ಮುಳ್ಳಿನ ಹಾಗೆ ಕೂತ್ಬಿಡ್ತು. ಇವತ್ತು ಭಾನುವಾರ, ಊಟ ಮುಗಿಸಿ ನಿಧಾನಕ್ಕೆ ಬರೀತಿದೀನಿ, ಎಲ್ಲರಿಗೂ ಕಾಣೋ ಹಾಗೇ ಹಾಕ್ತೀನಿ, ಯಾಕಂದ್ರೆ ಹರಿದ ಪುಸ್ತಕದ ಮುಂದೆ ಕೂತು ಹೀಗೆ ಯೋಚಿಸ್ತಿರೋ ಬೈಂಡರು ನೀನೊಬ್ಬನೇ ಅಲ್ಲ ಅಂತ ನಂಗೆ ಗೊತ್ತು.

ಹೋದ ಡಿಸೆಂಬರಲ್ಲಿ ಅಕ್ಕನ ಮಗಳು ರಜೆಗೆ ಬಂದಿದ್ಲು. ಅಮೆರಿಕದಲ್ಲಿ ಡಿಸೈನ್ ಓದ್ತಿದಾಳೆ, ಚಿಕ್ಕವಳಿದ್ದಾಗ ನಿಮ್ಮ ಅಂಗಡಿ ಮೂಲೇಲಿ ರಟ್ಟಿನ ಚೂರು ಆಯ್ಕೊಂಡು ಗೊಂಬೆ ಮನೆ ಕಟ್ತಿದ್ಲಲ್ಲ, ಅವಳೇ. ಬ್ಯಾಗಿಂದ ಒಂದು ಪುಸ್ತಕ ತೆಗೆದು ಕೈಗಿಟ್ಟು "ಮಾಮ, ಎರಡೂ ಕಡೆ ರಟ್ಟು ಹಿಡ್ಕೊಂಡು ಎಳೀರಿ" ಅಂದ್ಲು. ಅಂಗೈಗಿಂತ ಸ್ವಲ್ಪ ದೊಡ್ಡದು, ಮುಚ್ಚಿದಾಗ ಏನೂ ವಿಶೇಷ ಕಾಣ್ಸಲ್ಲ, ಬೆನ್ನು ಒಂಚೂರು ದಪ್ಪ ಅಷ್ಟೆ. ಎಳೆದೆ ನೋಡು, ಪಟಪಟಪಟ ಅಂತ ಸದ್ದು, ಸೂರಿಂದ ಪಾರಿವಾಳ ಎದ್ದ ಹಾಗೆ, ಒಳಗಿಂದ ಕಾಗದದ ಪಟ್ಟಿಗಳು ಎದ್ದು ಒಂದು ಸಾಲು ಎಡಕ್ಕೆ ಹೋದ್ರೆ ಅದರ ಕೆಳಗಿನದು ಬಲಕ್ಕೆ, ಅದರ ಕೆಳಗಿನದು ಮತ್ತೆ ಎಡಕ್ಕೆ, ಹೀಗೆ ಒಂದನ್ನೊಂದು ದಾಟಿ ಹರಡ್ಕೊಂಡು ಕೊನೆಗೆ ಎಲ್ಲಾ ಸೇರಿ ಒಂದು ಸಮುದ್ರದ ಚಿತ್ರ ಆಗ್ಬಿಡ್ತು. ಕೈ ಹತ್ತಿರ ತಂದ್ರೆ ಮತ್ತೆ ಚಿತ್ರ ಒಡೆದು ಚೂರಾಗಿ ಒಳಗೆ ಹೋಗಿ ಕೂರುತ್ತೆ. ನಾನು ಸುಮಾರು ಇಪ್ಪತ್ತು ಸಲ ಎಳೆದಿರಬಹುದು. ಆಮೇಲೆ, ನಿಮ್ಮಪ್ಪ ಕಲಿಸಿದ ಬುದ್ಧಿ ಎಲ್ಲಿಗೆ ಹೋಗುತ್ತೆ, ಬೆನ್ನು ತಿರುಗಿಸಿ ಇದನ್ನ ಹೇಗೆ ಕಟ್ಟಿದಾರೆ ಅಂತ ನೋಡೋಕೆ ಶುರು ಮಾಡ್ದೆ.

ಇದರ ಹೆಸರು ಫ್ಲ್ಯಾಗ್ ಬುಕ್, ಬಾವುಟದ ಪುಸ್ತಕ ಅನ್ನು. ಹೊಲಿಗೆ ಇಲ್ಲ. ಮಧ್ಯದಲ್ಲಿ ಒಂದು ಗಟ್ಟಿ ಕಾಗದದ ಪಟ್ಟಿ, ಅದನ್ನ ಸೀರೆ ನಿರಿಗೆ ಥರ ಹಿಂದೆ ಮುಂದೆ ಮಡಿಚಿದಾರೆ, ಆ ನಿರಿಗೇನೇ ಪುಸ್ತಕದ ಬೆನ್ನು. ಎರಡು ತುದಿಗೆ ಎರಡು ರಟ್ಟು. ಒಂದೊಂದು ನಿರಿಗೆಯ ಏಣಿಗೂ, ಅಂದ್ರೆ ಮಡಿಕೆಯ ಚೂಪು ಅಂಚಿಗೂ, ಮೂರು ಮೂರು ಕಾಗದದ ಬಾವುಟ ಅಂಟಿಸಿದಾರೆ, ಮೇಲಿನದು ಮತ್ತೆ ಕೆಳಗಿನದು ಏಣಿನ ಒಂದು ಮಗ್ಗುಲಿಗೆ, ನಡುವಿನದು ಮಾತ್ರ ಇನ್ನೊಂದು ಮಗ್ಗುಲಿಗೆ. ಅಷ್ಟೇ ಕಣೋ ಗುಟ್ಟು. ರಟ್ಟು ಎಳೆದಾಗ ನಿರಿಗೆ ಬಿಚ್ಕೊಳ್ಳುತ್ತೆ, ನಿರಿಗೆ ಬಿಚ್ಚಿದಾಗ ಏಣಿನ ಎರಡು ಮಗ್ಗುಲೂ ವಿರುದ್ಧ ದಿಕ್ಕಿಗೆ ತಿರುಗುತ್ವೆ, ಅದಕ್ಕೇ ಬಾವುಟಗಳು ಅಡ್ಡಡ್ಡ ಹಾರುತ್ವೆ. ಇಷ್ಟು ಸರಳ ಅಂತ ಗೊತ್ತಾದ ಮೇಲೆ ಆಶ್ಚರ್ಯ ಕಮ್ಮಿ ಆಗ್ಬೇಕಿತ್ತು, ನಂಗೆ ಇನ್ನೂ ಜಾಸ್ತಿ ಆಯ್ತು. ಯಾರಿಗೆ ಹೊಳೀತು ಇದು?

ಹೊಳೆದಿದ್ದು ಹೆಡಿ ಕೈಲ್ ಅನ್ನೋ ಹೆಂಗಸಿಗೆ. ಕೈಲ್ ಅನ್ನೋ ಕಡೆ ನಮ್ಮ "ಕೈಲಿ" ಅನ್ನೋ ಮಾತು ಕೇಳಿದ ಹಾಗಾಗಿ ನಂಗೆ ಮೊದಲನೇ ದಿನದಿಂದ್ಲೇ ಆ ಹೆಸರು ಇಷ್ಟ ಆಗ್ಬಿಟ್ಟಿದೆ. 1937ರಲ್ಲಿ ಬರ್ಲಿನ್‌ನಲ್ಲಿ ಹುಟ್ಟಿದವ್ರು, ಜರ್ಮನಿಯ ವೀಸ್‌ಬಾಡೆನ್‌ನಲ್ಲಿ ಗ್ರಾಫಿಕ್ ಡಿಸೈನ್ ಓದಿ 1959ರಲ್ಲಿ ಮುಗಿಸಿದ್ರು, ಆಮೇಲೆ ಅಮೆರಿಕ ಸೇರಿದ್ರು. ನ್ಯೂಯಾರ್ಕಿನಲ್ಲಿ 1974ರಲ್ಲಿ ರಿಚರ್ಡ್ ಮಿನ್ಸ್‌ಕಿ ಅನ್ನೋರು ಸೆಂಟರ್ ಫಾರ್ ಬುಕ್ ಆರ್ಟ್ಸ್ ಅಂತ ಒಂದು ಜಾಗ ಶುರು ಮಾಡಿದ್ರಲ್ಲ, ಪುಸ್ತಕ ಕಟ್ಟೋದನ್ನೇ ಒಂದು ಕಲೆ ಅಂತ ಇಟ್ಕೊಂಡು, ಅದರ ಶುರುವಿನ ವರ್ಷಗಳಲ್ಲೇ ಇವ್ರು ಅಲ್ಲಿ ಪಾಠ ಮಾಡ್ತಿದ್ರು. ಮೊದಲನೇ ಬಾವುಟದ ಪುಸ್ತಕ 1979ರದ್ದು, ಅದಕ್ಕೆ ಏಪ್ರಿಲ್ ಡೈರಿ ಅಂತ ಹೆಸರಿಟ್ಟಿದ್ರು. ನಮ್ಮ ನಿಮ್ಮ ಕಾಲದ್ದೇ ಕಣೋ. ಸಾವಿರಾರು ವರ್ಷದಿಂದ ಜನ ಪುಸ್ತಕ ಕಟ್ತಾ ಬಂದಿದಾರೆ, ಇನ್ನು ಹೊಸ ಕಟ್ಟು ಬರೋಕೆ ಸಾಧ್ಯಾನೇ ಇಲ್ಲ ಅಂದ್ಕೊಳ್ಳೋ ಜಾಗದಲ್ಲಿ ಒಬ್ಬ ಹೆಂಗಸು ಟೇಬಲ್ ಮುಂದೆ ಕೂತು ಒಂದು ಪಟ್ಟಿ ಕಾಗದ ಮಡಿಚಿ ಹೊಸದೊಂದು ತೆಗೆದ್ರು.

ಈಗ ನಿನಗೆ ಹೇಳಬೇಕು ಅಂದ್ಕೊಂಡಿದ್ದ ಮಾತಿಗೆ ಬರ್ತೀನಿ. ಈ ಹೆಡಿ ಕೈಲ್ ಹೊಟ್ಟೆಪಾಡಿಗೆ ಮಾಡ್ತಿದ್ದ ಕೆಲಸ ಏನು ಗೊತ್ತಾ? ರಿಪೇರಿ. ನಿಂದೇ ಕೆಲಸ. ಫಿಲಡೆಲ್ಫಿಯಾದಲ್ಲಿ ಅಮೆರಿಕನ್ ಫಿಲಾಸಫಿಕಲ್ ಸೊಸೈಟಿ ಅಂತಿದೆ, ಬೆಂಜಮಿನ್ ಫ್ರಾಂಕ್ಲಿನ್ 1743ರಲ್ಲಿ ಕಟ್ಟಿದ್ದು, ಆತ ಕೂಡ ಮೂಲತಃ ಪ್ರೆಸ್ಸಿನವನೇ ತಾನೇ, ಅಚ್ಚಿನ ಮೊಳೆ ಜೋಡಿಸ್ತಾ ಬೆಳೆದವನು. ಆ ಸೊಸೈಟಿಯ ಲೈಬ್ರರೀಲಿ ಫ್ರಾಂಕ್ಲಿನ್ ಕಾಗದಪತ್ರ ಇದೆ, ಅಮೆರಿಕದ ಪಶ್ಚಿಮಕ್ಕೆ ದಾರಿ ಹುಡುಕ್ಕೊಂಡು ಹೋದ ಲೂಯಿಸ್ ಮತ್ತು ಕ್ಲಾರ್ಕ್ ಬರೆದ ದಿನಚರಿ ಪುಸ್ತಕಗಳಿವೆ. ಅಂಥಾ ಸಂಗ್ರಹಕ್ಕೆ ಇವ್ರು ಮುಖ್ಯ ಸಂರಕ್ಷಕರಾಗಿದ್ರು, ಒಂದೆರಡು ವರ್ಷ ಅಲ್ಲ, ವರ್ಷಗಟ್ಟಲೆ. ಬೆಳಿಗ್ಗೆ ಹೋಗಿ ಬೆನ್ನು ಕಿತ್ತ ಪುಸ್ತಕ, ಹುಳ ತಿಂದ ಹಾಳೆ, ಹಳೇ ಅಂಟು ಕೊಳೆತು ಅಂಟ್ಕೊಂಡಿರೋ ಫಾರಂ, ಅಂದ್ರೆ ಮಡಿಚಿದ ಹಾಳೆಗಳ ಕಂತೆ, ಇವನ್ನ ಬಿಡಿಸಿ ಒರೆಸಿ ಮತ್ತೆ ಕೂರಿಸೋದು. 1983ರಲ್ಲಿ ಲೈಬ್ರರಿಯವ್ರಿಗೆ ಪುಸ್ತಕ ಕಾಪಾಡೋ ರೀತಿ ಹೇಳ್ಕೊಡೋ ಒಂದು ಕೈಪಿಡಿ ಕೂಡ ಬರೆದ್ರು.

ಕಲಾವಿದೆ ಬೇರೆ, ರಿಪೇರಿಯವಳು ಬೇರೆ, ಹಗಲು ಒಂದು ರಾತ್ರಿ ಒಂದು ಅಂತ ಅಲ್ಲ. ಒಂದರಿಂದ್ಲೇ ಇನ್ನೊಂದು ಬಂದಿದ್ದು ಅಂತ ನಂಗೆ ಖಾತ್ರಿ. ಯಾಕೆ ಅಂದ್ರೆ, ಚೆನ್ನಾಗಿರೋ ಪುಸ್ತಕ ನಿಂಗೆ ಏನೂ ಹೇಳಲ್ಲ ಕಣೋ, ಸುಮ್ನೆ ಮುಚ್ಕೊಂಡು ಕೂತಿರುತ್ತೆ. ಹರಿದ ಪುಸ್ತಕ ಎಲ್ಲಾ ಹೇಳುತ್ತೆ. ಎಲ್ಲಿ ಎಳೆತ ಬಿತ್ತು, ಯಾವ ಹೊಲಿಗೆ ಮೊದಲು ಹೋಯ್ತು, ಯಾವ ಜಾಗದಲ್ಲಿ ಅಂಟು ಜಾಸ್ತಿಯಾಗಿ ಹಾಳೆ ಮುರೀತು. ನಿಮ್ಮಪ್ಪ ಹಳೇ ಪಂಚಾಂಗದ ಕಟ್ಟು ಬಿಚ್ಚೋವಾಗ ಒಂದೊಂದು ಫಾರಮ್ಮನ್ನೂ ಬೆಳಕಿಗೆ ಹಿಡಿದು "ನೋಡಿದ್ಯೇನಪ್ಪ, ಕಟ್ಟಿದವನಿಗೆ ಅವಸರ ಇತ್ತು" ಅಂತಿದ್ರಲ್ಲ, ನೆನಪಿದ್ಯಾ? ನಮಗೆ ಆಗ ಹನ್ನೊಂದೋ ಹನ್ನೆರಡೋ, ಬೇಸಿಗೆ ರಜೆ, ಫಾರಂ ಮಡಿಚೋಕೆ ಕೂರಿಸ್ತಿದ್ರು, ತಗಡಿನ ಡಬ್ಬೀಲಿ ಮೈದಾ ಅಂಟು ಕುದೀತಿರೋದು, ಹುಳ ಬರ್ದಿರ್ಲಿ ಅಂತ ಅದಕ್ಕೆ ಮೈಲುತುತ್ತ ಹಾಕಿದ್ರೆ ಒಂಥರಾ ನೀಲಿ ಛಾಯೆ ಬರೋದು, ಆ ಡಬ್ಬಿ ಮುಟ್ಟಿದ ಕೈ ಬಾಯಿಗೆ ಹಾಕ್ಬೇಡಿ ಅಂತ ದಿನಾ ಹತ್ತು ಸಲ ಹೇಳೋರು. ದಬ್ಬಣದಲ್ಲಿ ಮೂರು ತೂತು, ದಾರಕ್ಕೆ ಮೇಣ ಸವರಿ ಒಂದು ಎಳೆ.

ಅಂಟಿನ ಮಾತು ಬಂತಲ್ಲ, ಇದನ್ನ ಕೇಳು. ದೊಡ್ಡ ದೊಡ್ಡ ಸಂಗ್ರಹಗಳಲ್ಲಿ ಹಾಳೆ ರಿಪೇರಿಗೆ ಇವತ್ತಿಗೂ ಬಳಸೋದು ಗೋಧಿ ಅಂಟೇ. ನಮ್ಮ ಮೈದಾ ಅಂಟಿನ ಅಣ್ಣ ಅನ್ನು. ಗೋಧಿ ಹಿಟ್ಟಿನಲ್ಲಿರೋ ಜಿಗುಟು ಭಾಗ ತೆಗೆದುಹಾಕಿ ಬರೀ ಪಿಷ್ಟ ಉಳಿಸ್ಕೊಂಡು ಅದನ್ನ ಬೇಯಿಸ್ತಾರೆ, ಅದಕ್ಕೆ ಜಪಾನಿನ ತೆಳು ಕಾಗದ, ಅಷ್ಟೇ. ಕಾರಣ ಏನು ಅಂದ್ರೆ ಆ ಅಂಟು ಬೇಕಾದಾಗ ನೀರು ತಾಗಿಸಿದ್ರೆ ಬಿಡುತ್ತೆ. ನಾವು ಈಗ ಎಲ್ಲದಕ್ಕೂ ಸುರೀತೀವಲ್ಲ ಬಿಳಿ ಗಮ್ಮು, ಅದು ಒಣಗಿದ ಮೇಲೆ ಸುಲಭಕ್ಕೆ ಬಿಡಲ್ಲ. ನೀನು ಇವತ್ತು ಮಾಡಿದ ರಿಪೇರಿಯನ್ನ ನಾಳೆ ಇನ್ನೊಬ್ಬ ಬಿಚ್ಚೋ ಹಾಗಿರಬೇಕು ಅನ್ನೋದು ಈ ಕೆಲಸದವ್ರಿಗೆ ಮೊದಲನೇ ನಿಯಮ. ಈ ನಿಯಮ ತಲೇಲಿ ಇಟ್ಕೊಂಡು ದಿನಾ ಕೂತವ್ರಿಗೆ ಒಂದಲ್ಲ ಒಂದು ದಿನ ಈ ಪ್ರಶ್ನೆ ಬಂದೇ ಬರುತ್ತೆ: ಅಂಟೇ ಇಲ್ಲದೆ ಪುಸ್ತಕ ನಿಲ್ಲಿಸೋಕೆ ಆಗುತ್ತಾ?

ಇದಕ್ಕೊಂದು ದೊಡ್ಡ ಹಿನ್ನೆಲೆ ಇದೆ. 1966ರ ನವೆಂಬರಲ್ಲಿ ಇಟಲಿಯ ಫ್ಲಾರೆನ್ಸ್ ಊರಿಗೆ ಆರ್ನೋ ನದಿ ನುಗ್ಗಿತ್ತು, ಅಲ್ಲಿನ ಲೈಬ್ರರಿಗಳಲ್ಲಿದ್ದ ಲೆಕ್ಕವಿಲ್ಲದಷ್ಟು ಹಳೇ ಪುಸ್ತಕ ಕೆಸರಲ್ಲಿ ಮುಳುಗಿದ್ವು. ಬೇರೆ ಬೇರೆ ದೇಶದಿಂದ ಬೈಂಡರುಗಳು ಹೋಗಿ ಅವನ್ನ ಎತ್ತಿ ಒಣಗಿಸೋಕೆ ಕೂತಾಗ ಕ್ರಿಸ್ಟೋಫರ್ ಕ್ಲಾರ್ಕ್‌ಸನ್ ಅನ್ನೋ ಇಂಗ್ಲಿಷ್ ಬೈಂಡರು ಒಂದು ವಿಷಯ ಗಮನಿಸಿದ್ರು. ಅಂಟು ಬಳಿದು ಬಿಗಿಯಾಗಿ ಕಟ್ಟಿದ ಜಂಬದ ಪುಸ್ತಕಗಳಿಗಿಂತ, ಮೆತ್ತಗಿನ ಚರ್ಮದ ಹೊದಿಕೆಗೆ ಹೆಚ್ಚು ಅಂಟಿಲ್ಲದೆ ಬರೀ ಹೊಲಿಗೆ ಪಟ್ಟಿ ತೂರಿಸಿ ಕಟ್ಟಿದ ಸಾದಾ ಪುಸ್ತಕಗಳೇ ನೀರನ್ನ ಚೆನ್ನಾಗಿ ತಡ್ಕೊಂಡಿದ್ವು. ಆ ನೋಟದಿಂದ ಒಂದು ಇಡೀ ತಲೆಮಾರಿನ ಬೈಂಡರುಗಳ ಯೋಚನೆ ಬದಲಾಯ್ತು. ಹೆಡಿ ಕೈಲ್ ಕೆಲಸ ಶುರು ಮಾಡಿದ್ದು ಈ ಗಾಳಿ ಬೀಸ್ತಿದ್ದ ಕಾಲದಲ್ಲೇ.

ಒಂದು ಸಲ ಹಿಮಪಾತ, ಹೊರಗೆ ಹೋಗೋ ಹಾಗಿಲ್ಲ, ಮನೇಲಿ ಕೂತು ಸುಮ್ನೆ ಕಾಗದ ಮಡಿಚ್ತಾ ಮಡಿಚ್ತಾ ಇದ್ದಾಗ ಹೆಡಿ ಕೈಲ್‌ಗೆ ಹೊಸದೊಂದು ಮಡಿಕೆ ಸಿಕ್ತಂತೆ. ಅದಕ್ಕೆ ಬ್ಲಿಝರ್ಡ್ ಬುಕ್, ಹಿಮಬಿರುಗಾಳಿಯ ಪುಸ್ತಕ, ಅಂತಲೇ ಹೆಸರಿಟ್ರು. ಒಂದೇ ಒಂದು ಉದ್ದ ಪಟ್ಟಿ, ಅಂಟಿಲ್ಲ, ಹೊಲಿಗೆ ಇಲ್ಲ, ಮಡಿಕೆಯೊಳಗೇ ಪುಟ್ಟ ಪುಟ್ಟ ಜೇಬು ಏಳುತ್ವೆ, ಅದರೊಳಗೆ ಸಣ್ಣ ಚೀಟಿ, ಅಂಚೆಚೀಟಿ, ಒಣಗಿದ ಎಲೆ, ಏನು ಬೇಕಾದ್ರೂ ತೂರಿಸಬಹುದು. ಇನ್ನೊಂದು ಕ್ರೌನ್ ಬೈಂಡಿಂಗ್ ಅಂತ, ಅದರಲ್ಲಿ ಬೆನ್ನೇ ಒಂದು ಮಡಿಚಿದ ಕಾಗದ, ಮಡಿಕೆಯ ಎರಡು ತುದಿಯ ಕಿವಿಗಳಿಗೆ ಹಾಳೆ ಸಿಗಿಸೋದು, ಬೇಡ ಅಂದ್ರೆ ತೆಗೆಯೋದು, ಹಾಳೆಗೆ ಒಂದು ತೂತೂ ಬೀಳಲ್ಲ. ಪಿಯಾನೋ ಹಿಂಜ್ ಅಂತ ಇನ್ನೊಂದು, ಬಾಗಿಲ ಕೀಲಿನ ಹಾಗೆ ಪಕ್ಕ ಪಕ್ಕದ ಫಾರಮ್ಮಿನ ಬೆನ್ನಲ್ಲಿ ಹಲ್ಲು ಕತ್ತರಿಸಿ ಅದರೊಳಗೆ ಸಣ್ಣ ಕಡ್ಡಿ ತೂರಿಸಿ ಸೇರಿಸೋದು, ಕಡ್ಡಿ ಎಳೆದ್ರೆ ಪುಸ್ತಕ ಬಿಡಿ ಬಿಡಿ. ಇವೆಲ್ಲಾ ನೋಡ್ತಿದ್ರೆ ರಿಪೇರಿ ಬೆಂಚಿನ ಮೇಲೆ ಕೂತವ್ರಿಗೆ ಮಾತ್ರ ಹೊಳೆಯೋ ಯೋಚನೆ ಅಂತ ನಿನಗೇ ಗೊತ್ತಾಗುತ್ತೆ. ನಾಳೆ ಬಿಚ್ಚೋನ ಬಗ್ಗೆ ಇವತ್ತೇ ಯೋಚನೆ ಮಾಡಿದ ಕೈ ಅದು.

ಇಲ್ಲಿ ಒಂದು ಬೇರೆ ಮಾತು ಹೇಳ್ಲೇಬೇಕು, ಬಿಟ್ರೆ ನಂಗೆ ನಿದ್ದೆ ಬರಲ್ಲ. ನಿರಿಗೆ ಥರ ಮಡಿಚಿದ ಪುಸ್ತಕ ಅಂದ ತಕ್ಷಣ ನಂಗೆ ನೆನಪಾಗಿದ್ದು ನಮ್ಮ ಕಡತ. ಈಗ ಕಡತ ಅಂದ್ರೆ ಆಫೀಸ್ ಫೈಲು, ಕಡತ ವಿಲೇವಾರಿ ಅಂತ ಪೇಪರಲ್ಲಿ ಓದ್ತೀವಿ, ತಾಲ್ಲೂಕು ಕಚೇರೀಲಿ ಕಡತ ಮುಂದಕ್ಕೆ ಹೋಗ್ಲಿಲ್ಲ ಅಂತ ಅಲೀತೀವಿ, ಆದ್ರೆ ಆ ಪದದ ಮೊದಲನೇ ಅರ್ಥ ಮಡಿಚಿದ ಬಟ್ಟೆ ಪುಸ್ತಕ. ಹತ್ತಿ ಬಟ್ಟೆಗೆ ಹುಣಸೆಬೀಜದ ಸರಿ, ಇದ್ದಿಲ ಪುಡಿ ಕಲಸಿ ಎರಡೂ ಕಡೆ ಬಳಿದು ಒಣಗಿಸಿ ನಿರಿಗೆ ಥರ ಮಡಿಚೋದು, ಮೇಲೆ ಕೆಳಗೆ ಮರದ ಹಲಗೆ, ಕಪ್ಪು ಹಾಳೆ ಮೇಲೆ ಬಳಪದಲ್ಲಿ ಬಿಳಿ ಅಕ್ಷರ. ಬೇಡದ್ದನ್ನ ಅಳಿಸಿ ಮತ್ತೆ ಬರೀಬಹುದಿತ್ತು. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್, ಅಂದ್ರೆ ಬ್ರಿಟಿಷರ ಪ್ರತಿನಿಧಿ, ಆಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಅಚ್ಚಾದ ತನ್ನ ಇತಿಹಾಸದ ಪುಸ್ತಕದಲ್ಲಿ ಇದರ ಅಳತೇನೂ ಬರ್ದಿಟ್ಟಿದಾನೆ, ಅಗಲ ಎಂಟು ಇಂಚಿಂದ ಒಂದಡಿ, ಉದ್ದ 12ರಿಂದ 18 ಅಡಿ. ಅಂಗಡಿ ಲೆಕ್ಕ, ಊರಿನ ಲೆಕ್ಕ, ಮಠದ ದಾಖಲೆ ಎಲ್ಲಾ ಇದರಲ್ಲೇ. ಶೃಂಗೇರಿ ಮಠದ ಕಡತಗಳನ್ನ ಇಟ್ಕೊಂಡು ಇತಿಹಾಸದೋರು ಇವತ್ತಿಗೂ ಕೆಲಸ ಮಾಡ್ತಾರೆ.

ಹೆಡಿ ಕೈಲ್ ನಮ್ಮ ಕಡತ ನೋಡಿ ಮಾಡಿದ್ರು ಅಂತ ನಾನು ಹೇಳ್ತಿಲ್ಲ, ನಿರಿಗೆ ಪುಸ್ತಕ ಚೀನಾ ಜಪಾನಲ್ಲೂ ಹಳೇದೇ. ನಾನು ಹೇಳೋದು, ಕಾಗದವೋ ಬಟ್ಟೆಯೋ ಎಲೆಯೋ, ಏನು ಸಿಕ್ತೋ ಅದರ ಗುಣ ನೋಡ್ಕೊಂಡು ಪುಸ್ತಕ ಕಟ್ಟೋ ಬುದ್ಧಿ ನಮ್ಮಲ್ಲೂ ಇತ್ತು. ಓಲೆಗರಿ ಮಡಿಚಿದ್ರೆ ಮುರಿಯುತ್ತೆ, ಅದಕ್ಕೆ ಒಂದರ ಮೇಲೊಂದು ಇಟ್ಟು ತೂತು ಮಾಡಿ ದಾರ ತೂರಿಸಿದ್ರು. ಬಟ್ಟೆ ಮುರಿಯಲ್ಲ, ಅದಕ್ಕೆ ಮಡಿಚಿದ್ರು. ನಿಮ್ಮ ಅಟ್ಟದ ಮೇಲೆ ಕರೀ ಬಟ್ಟೆ ಕಟ್ಟು ಒಂದಿತ್ತಲ್ಲ, ನಾವು ಅದನ್ನ ಹಳೇ ಛತ್ರಿ ಬಟ್ಟೆ ಅಂದ್ಕೊಂಡು ಆಟಕ್ಕೆ ತಗೊಂಡು ಬೈಸ್ಕೊಂಡಿದ್ವಿ, ಅದು ಕಡತಾನೇ ಇರಬೇಕು ಅಂತ ಈಗ ಅನ್ಸುತ್ತೆ. ಇದ್ರೆ ದಯವಿಟ್ಟು ಬಿಸಾಕ್ಬೇಡ.

ಸರಿ, ಅಕ್ಕನ ಮಗಳು ವಾಪಸ್ ಹೋದ್ಮೇಲೆ ನಾನೂ ಒಂದು ಬಾವುಟದ ಪುಸ್ತಕ ಮಾಡೋಕೆ ಕೂತೆ. ಹೆಡಿ ಕೈಲ್ ತಮ್ಮ ಮಗಳು ಉಲ್ಲಾ ವಾರ್ಖೋಲ್ ಜೊತೆ ಸೇರಿ 2018ರಲ್ಲಿ ದಿ ಆರ್ಟ್ ಆಫ್ ದಿ ಫೋಲ್ಡ್ ಅಂತ ಪುಸ್ತಕ ತಂದಿದಾರೆ, ಮಗಳು ಆರ್ಕಿಟೆಕ್ಚರ್ ಓದಿದವ್ರು, ಒಂದೊಂದು ಮಡಿಕೆಗೂ ಮನೆ ಪ್ಲ್ಯಾನಿನ ಹಾಗೆ ಅಚ್ಚುಕಟ್ಟಾದ ನಕ್ಷೆ. ಅದನ್ನ ಮುಂದಿಟ್ಕೊಂಡು ಅಳತೆ ಹಾಕಿ ಎಲ್ಲಾ ಸರಿಯಾಗೇ ಕತ್ತರಿಸಿದೆ, ಅಂಟಿಸಿದೆ, ರಾತ್ರಿ ಎರಡು ಡಿಕ್ಷನರಿ ಕೆಳಗಿಟ್ಟೆ, ಬೆಳಿಗ್ಗೆ ಎಳೆದೆ. ಬಾವುಟ ಹಾರ್ಲಿಲ್ಲ. ನಿರಿಗೆ ಬಿರುಸಾಗಿ ನಿಂತಿತ್ತು, ಏಣಿನುದ್ದಕ್ಕೂ ಸಣ್ಣ ಬಿರುಕು, ಬಾವುಟಗಳು ಎಲ್ಲಾ ಒಂದು ಕಡೆ ಸೊಟ್ಟಗೆ ಬಾಗಿದ್ವು. ತುಂಬಾ ಹೊತ್ತು ನೋಡ್ತಾ ಕೂತೆ, ಆಮೇಲೆ ನಿಮ್ಮಪ್ಪನ ದನಿ ಕೇಳಿಸ್ತು, "ಎಳೆ ನೋಡಿದ್ಯಾ?"

ಎಳೆ ನೋಡಿರ್ಲಿಲ್ಲ. ಮಷಿನ್ ಕಾಗದಕ್ಕೆ ಮರದ ಹಾಗೇ ಎಳೆ ಇರುತ್ತೆ ಅಂತ ಕಲಿತಿದ್ದು ನಿಮ್ಮ ಅಂಗಡೀಲೇ, ಕಾರ್ಖಾನೇಲಿ ಕಾಗದ ಓಡೋ ದಿಕ್ಕಿಗೆ ನಾರು ಮಲಗಿರುತ್ತೆ, ಎಳೆ ಜೊತೆ ಮಡಿಚಿದ್ರೆ ಮಡಿಕೆ ಬೆಣ್ಣೆ ಥರ ಬೀಳುತ್ತೆ, ಎಳೆಗೆ ಅಡ್ಡ ಮಡಿಚಿದ್ರೆ ಬಿರುಕು ಬಿಡುತ್ತೆ. ಒಂದು ತುಂಡಿನ ಒಂದು ಮೈಗೆ ನೀರು ಸವರಿದ್ರೆ ಎಳೆಯ ಗುಂಟ ಕೊಳವೆ ಥರ ಸುರುಳಿ ಸುತ್ಕೊಳ್ಳುತ್ತೆ, ನಿಮ್ಮಪ್ಪ ನಾಲಿಗೆ ಮೇಲೆ ಸಣ್ಣ ಚೂರು ಇಟ್ಟು ನೋಡ್ತಿದ್ರು. ನಾನು ಶೀಟು ಉಳಿಸೋಣ ಅಂತ ಅಡ್ಡಡ್ಡ ಕತ್ತರಿಸಿದ್ದೆ. ಎರಡನೇ ಸಲ ನಿರಿಗೆಗೂ ಬಾವುಟಕ್ಕೂ ರಟ್ಟಿಗೂ ಎಲ್ಲದಕ್ಕೂ ಎಳೆ ಮೇಲಿಂದ ಕೆಳಕ್ಕೆ, ಬೆನ್ನಿನ ಜೊತೆಗೇ ಓಡೋ ಹಾಗೆ ಕತ್ತರಿಸಿದೆ. ಅಂಟನ್ನ ಬಾವುಟದ ತುದೀಗೆ ಬೆರಳಗಲ ಮಾತ್ರ. ಮತ್ತೆ ರಾತ್ರಿ, ಮತ್ತೆ ಡಿಕ್ಷನರಿ. ಬೆಳಿಗ್ಗೆ ಎಳೆದಾಗ ಪಟಪಟ ಅಂತು ಕಣೋ. ಮನೇಲಿ ಎಲ್ಲರನ್ನೂ ಎಬ್ಬಿಸ್ದೆ.

ಮಡಿಕೆ ಅಂದ್ರೆ ಏನು ಅಂತ ಆವತ್ತು ಸರಿಯಾಗಿ ಅರ್ಥ ಆಯ್ತು. ನಾವು ಮಡಿಕೆಯನ್ನ ಒಂದು ಗೆರೆ ಅಂದ್ಕೊಳ್ತೀವಿ, ಅದು ಗೆರೆ ಅಲ್ಲ, ಕೀಲು. ಹಾಳೆಯ ಎರಡು ಭಾಗ ಅಲ್ಲಿ ಸೇರಿ ತಿರುಗುತ್ವೆ. ಹೆಡಿ ಕೈಲ್ ಜೀವಮಾನ ಇಡೀ ನೋಡ್ತಿದ್ದಿದ್ದು ಆ ಕೀಲನ್ನೇ, ಇದನ್ನ ಇಲ್ಲಿಟ್ರೆ ಏನು ತಿರುಗುತ್ತೆ, ಅಲ್ಲಿಟ್ರೆ ಏನು ಏಳುತ್ತೆ. ಅವ್ರ ಪುಸ್ತಕಗಳಲ್ಲಿ ಕಥೆಗಿಂತ ಮೊದಲು ಓದುಗನ ಕೈ ಇರುತ್ತೆ. ಓದೋನು ಎಳೀಬೇಕು, ತಿರುಗಿಸಬೇಕು, ಜೇಬಿಂದ ತೆಗೀಬೇಕು. ಮೇಜಿನ ಮೇಲೆ ನಿಲ್ಲಿಸಿದ್ರೆ ಸಣ್ಣ ಕಟ್ಟಡ, ಮಡಿಚಿದ್ರೆ ಜೇಬಿನ ಪುಸ್ತಕ.

ನಂಗೆ ಅವ್ರ ಮೇಲೆ ಎಲ್ಲಕ್ಕಿಂತ ಗೌರವ ಬಂದಿದ್ದು ಇದಕ್ಕಲ್ಲ ಆದ್ರೆ. ಕಂಡುಹಿಡಿದಿದ್ದನ್ನ ಅವ್ರು ಬಚ್ಚಿಟ್ಕೊಳ್ಳಲಿಲ್ಲ. ಮಡಿಕೆ ಸಿಕ್ಕಿದ ಹಾಗೆ ಹೇಳ್ಕೊಟ್ಬಿಟ್ರು. 1983ರಲ್ಲಿ ಟಿಮ್ ಬ್ಯಾರೆಟ್, ಗ್ಯಾರಿ ಫ್ರಾಸ್ಟ್ ಜೊತೆ ಸೇರಿ ಪೇಪರ್ ಆಂಡ್ ಬುಕ್ ಇಂಟೆನ್ಸಿವ್ ಅಂತ ಒಂದು ಬೇಸಿಗೆ ಶಿಬಿರ ಶುರು ಮಾಡಿದ್ರು, ಕಾಗದ ಮಾಡೋರು, ಬೈಂಡರುಗಳು, ಕಲಾವಿದರು ಎಲ್ಲಾ ಒಂದೇ ಕಡೆ ಉಳ್ಕೊಂಡು ಒಬ್ಬರಿಂದೊಬ್ಬರು ಕಲಿಯೋದು. ಫಿಲಡೆಲ್ಫಿಯಾದ ಯೂನಿವರ್ಸಿಟಿ ಆಫ್ ದಿ ಆರ್ಟ್ಸ್‌ನಲ್ಲಿ ಪುಸ್ತಕ ಕಲೆಯ ಮಾಸ್ಟರ್ಸ್ ಓದೋರಿಗೆ ವರ್ಷಗಟ್ಟಲೆ ಪಾಠ ಮಾಡಿದ್ರು. ಅವ್ರ ಬಾವುಟದ ಪುಸ್ತಕ ಇವತ್ತು ಎಲ್ಲೆಲ್ಲಿ ಪುಸ್ತಕ ಕಟ್ಟೋದು ಕಲಿಸ್ತಾರೋ ಅಲ್ಲೆಲ್ಲಾ ಇದೆ, ಶಿಕಾಗೋ ಕಡೆಯ ಕರೆನ್ ಹ್ಯಾನ್ಮರ್ ಅನ್ನೋ ಕಲಾವಿದೆ ಅದನ್ನ ಹಿಡ್ಕೊಂಡು ತಮ್ಮದೇ ದಾರೀಲಿ ಎಷ್ಟೋ ದೂರ ಹೋಗಿದಾರೆ, ಸ್ಕೂಲ್ ಮಕ್ಕಳು ಮಾಡ್ತಾರೆ, ಮಾಡೋ ಎಷ್ಟೋ ಜನಕ್ಕೆ ಇದನ್ನ ಒಬ್ಬರು ಕಂಡುಹಿಡಿದಿದ್ದು ಅನ್ನೋದೂ ಗೊತ್ತಿರಲ್ಲ, ಯಾವಾಗ್ಲೂ ಇತ್ತು ಅನ್ನೋ ಹಾಗೆ ಮಾಡ್ತಾರೆ. ರಂಗೋಲಿ ಎಳೆ ಯಾರು ಮೊದಲು ಹಾಕಿದ್ರು ಅಂತ ನಾವು ಕೇಳ್ತೀವಾ, ಹಾಗೆ. ಅವ್ರು ಪಾಠ ಮಾಡಿದ ಆ ಯೂನಿವರ್ಸಿಟಿ 2024ರ ಜೂನಲ್ಲಿ ಮುಚ್ಚಿಹೋಯ್ತು, ಮಕ್ಕಳಿಗೂ ಮೇಷ್ಟ್ರುಗಳಿಗೂ ಹೇಳಿ ಬರೀ ಒಂದು ವಾರ ಆಗಿತ್ತು. ಅದನ್ನ ಓದಿದ ದಿನ ಮನಸ್ಸು ಭಾರ ಆಯ್ತು. ಆದ್ರೆ ಅಲ್ಲಿ ಕಲಿತ ಮಡಿಕೆ ನನ್ನ ಅಕ್ಕನ ಮಗಳ ಗೆಳತಿಯ ಕೈಲಿತ್ತು, ಅಲ್ಲಿಂದ ಅವಳ ಕೈಗೆ, ಅಲ್ಲಿಂದ ನಮ್ಮನೆ ಊಟದ ಮೇಜಿಗೆ ಬಂತು.

ನಿಮ್ಮಪ್ಪನ ಹತ್ರ ಇದ್ದಿದ್ದೂ ಇಂಥಾದ್ದೇ ಕಣೋ. ಕೋರ್ಟಿನ ದಪ್ಪ ಪುಸ್ತಕ ಪೂರ್ತಿ ಮೇಜಿನ ಮೇಲೆ ಬಿಚ್ಕೊಂಡು ಮಲಗೋ ಹಾಗೆ ಬೆನ್ನಿನ ಹತ್ರ ಒಂದು ಬೆರಳು ಜಾಗ ಬಿಟ್ಟು ಕ್ಯಾಲಿಕೋ, ಅದೇ ಬೈಂಡಿಂಗ್ ಬಟ್ಟೆ, ಹಾಕ್ತಿದ್ರಲ್ಲ, ಅದನ್ನ ಯಾರು ಹೇಳ್ಕೊಟ್ಟಿದ್ದು ಅವ್ರಿಗೆ? ಹರಿದು ಹರಿದು ವಾಪಸ್ ಬಂದ ಪುಸ್ತಕಗಳೇ ಹೇಳ್ಕೊಟ್ಟಿದ್ದು. ಒಂದೇ ವ್ಯತ್ಯಾಸ ಅಂದ್ರೆ ಅವ್ರು ಅದಕ್ಕೊಂದು ಹೆಸರಿಡ್ಲಿಲ್ಲ, ಬರೆದಿಡ್ಲಿಲ್ಲ, ನಾವೂ ಕೇಳ್ಲಿಲ್ಲ. ಅದು ನಂಗೆ ತುಂಬಾ ನೋವು ಕೊಡೋ ವಿಷಯ. ನಿನ್ನ ಕೈಗೆ ಇನ್ನೂ ನೆನಪಿದೆ, ನನ್ನ ತಲೇಲಿ ಮಾತ್ರ ಇದೆ, ಅದಕ್ಕೇ ನಿನಗೆ ಬರೀತಿದೀನಿ. ಹೊಸ ಆರ್ಡರು ಇಲ್ಲ ಅಂತೀಯ, ಸರಿ, ಥೀಸಿಸ್ ಸೀಸನ್ ಮುಗಿದ್ರೆ ಅಂಗಡಿ ಖಾಲಿ, ಬಾಡಿಗೆ ಕಟ್ಟಬೇಕು, ಅದೆಲ್ಲಾ ನಿಜ, ಒಂದು ಮಡಿಕೆ ಕಲಿತ ತಕ್ಷಣ ಅದು ಸರಿಹೋಗುತ್ತೆ ಅಂತ ನಾನು ಹೇಳಲ್ಲ. ಆದ್ರೆ ಹರಿದಿದ್ದನ್ನ ಅಂಟಿಸ್ಕೊಂಡು ಕೂತಿದೀನಿ ಅನ್ಬೇಡ. ದಿನಾ ಹತ್ತು ಹರಿದ ಪುಸ್ತಕ ಬಿಚ್ಚಿ ನೋಡೋ ಅವಕಾಶ ಈ ಊರಲ್ಲಿ ಇನ್ನಾರಿಗಿದೆ ಹೇಳು? ಬಿಚ್ಚಿದಾಗ ಕಂಡಿದ್ದನ್ನ ಒಂದು ನೋಟ್‌ಬುಕ್ಕಲ್ಲಿ ಗೀಚಿಡು, ಯಾವ ಹೊಲಿಗೆ, ಎಷ್ಟು ತೂತು, ಎಲ್ಲಿ ಹೋಯ್ತು. ನಾನು ಬಂದಾಗ ಕೂತು ನೋಡೋಣ.

ನಾಳೆ ಕೊರಿಯರಲ್ಲಿ ಒಂದು ಪೊಟ್ಟಣ ಕಳಿಸ್ತೀನಿ. ಅದರಲ್ಲಿ ನಿರಿಗೆಗೆ ಬೇಕಾದ ಗಟ್ಟಿ ಕಾಗದದ ಪಟ್ಟಿ ಎರಡು, ಒಂದು ಹಾಳಾದ್ರೆ ಇನ್ನೊಂದಿರಲಿ ಅಂತ, ಬಾವುಟಕ್ಕೆ ಹದಿನೆಂಟು ತುಂಡು, ಎಲ್ಲದರ ಮೇಲೂ ಎಳೆ ಯಾವ ಕಡೆ ಅಂತ ಪೆನ್ಸಿಲಲ್ಲಿ ಬಾಣ ಹಾಕಿದೀನಿ. ರಟ್ಟು, ಕ್ಯಾಲಿಕೋ ನಿನ್ನ ಹತ್ರಾನೇ ಇದೆ, ಆ ಕೆಂಪು ಕ್ಯಾಲಿಕೋ ಇನ್ನೂ ಉಳಿದಿದ್ರೆ ಅದನ್ನೇ ಹಾಕು. ಆರು ಏಣು ಮಡಿಚು, ಒಂದೊಂದಕ್ಕೆ ಮೂರು ಬಾವುಟ. ಮೇಲಿನ ಸಾಲು ಪೂರ್ತಿ ಮುಗಿಸಿ ಆಮೇಲೆ ಕೆಳಗಿನದು, ಕೊನೆಗೆ ನಡುವಿನದನ್ನ ತಿರುಗಿಸಿ ಅಂಟಿಸು, ಸಾಲು ಸಾಲಿನ ಮಧ್ಯೆ ಒಂದು ನೂಲಿನಷ್ಟು ಸಂದು ಬಿಡು, ಇಲ್ದಿದ್ರೆ ಒಂದಕ್ಕೊಂದು ಸಿಕ್ಕಾಕ್ಕೊಳ್ಳುತ್ತೆ. ಗಮ್ಮು ಬೇಡ, ನಿಮ್ಮಪ್ಪನ ಮೈದಾ ಅಂಟನ್ನೇ ಸ್ವಲ್ಪ ಗಟ್ಟಿಯಾಗಿ ಬೇಯಿಸು. ರಾತ್ರಿ ಪ್ರೆಸ್ಸಿಗೆ ಹಾಕಿ ಬೆಳಿಗ್ಗೆ ತೆಗೆದು, ಅಂಗಡಿ ಬಾಗಿಲು ತೆಗೆಯೋಕೆ ಮುಂಚೆ, ರಸ್ತೆ ಗದ್ದಲ ಶುರುವಾಗೋ ಮುಂಚೆ ಎಳೆದು ನೋಡು, ಮೊಬೈಲ್ ಹತ್ರ ಹಿಡ್ಕೊಂಡು ಆ ಸದ್ದನ್ನ ರೆಕಾರ್ಡ್ ಮಾಡಿ ನಂಗೆ ಕಳಿಸು.

ನಿನ್ನ,
ಫಾರಂ ಮಡಿಚ್ತಿದ್ದ ಗೆಳೆಯ